ಪಂಚಶೀಲಾಳ ಇಪ್ಪತ್ಮೂರು ರೆಕಾರ್ಡು

ಅಫಜಲಪುರ ಬಸ್ ನಿಲ್ದಾಣದ ಕಂಟ್ರೋಲರ್ ಪಂಚಶೀಲಾಳ ದನಿ ತಾಲ್ಲೂಕಿಗೆಲ್ಲ ಪರಿಚಿತ. ‘ಗಾಣಗಾಪುರಕ್ಕ ಹೋಗೋರು ಮೂರನೇ ಪ್ಲಾಟ್‌ಫಾರ್ಮಿಗೆ ಬರ್ರಿ’ ಎಂದು ಆಕೆ ಮೈಕಿನಲ್ಲಿ ಹೇಳಿದರೆ ಸೋಲಾಪುರ ಕಡೆಯಿಂದ ಬಂದ, ಕನ್ನಡ ಬಾರದ ಭಕ್ತರೂ ಗಂಟು ಎತ್ತಿಕೊಂಡು ಏಳುತ್ತಿದ್ದರು. ಆ ದನಿಯಲ್ಲಿ ಅವಸರವಿರಲಿಲ್ಲ. ಒಂದು ಮಾತು, ಆಮೇಲೆ ಚೂರು ಬಿಡುವು, ಆಮೇಲೆ ಇನ್ನೊಂದು ಮಾತು. ಡ್ರೈವರ್ ಕಲ್ಲಿನಾಥ ಇದನ್ನು ಅಣಕಿಸುತ್ತಿದ್ದ: ‘ಮೇಡಂ, ನೀವು ಊರ ಹೆಸರು ಹೇಳಿ ಮುಗಿಸೋದ್ರಾಗ ನಾ ಊರೇ ಮುಟ್ಟಿರ್ತೇನಿ.’ ಆಕೆ ನಗುತ್ತಿದ್ದಳು. ಆ ಬಿಡುವನ್ನು ಯಾರಿಂದ ಕಲಿತೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಹೇಳಿದರೆ ತಿಳಿದುಕೊಳ್ಳುವವರು ಆ ನಿಲ್ದಾಣದಲ್ಲಿ ಯಾರೂ ಇರಲಿಲ್ಲ.

ಆಕೆಯ ತಂದೆ ಜಗದೇವ ಭೂಸನೂರಿನ ಹತ್ತಿರದ ಹಳ್ಳಿಯವನು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ ದೊಡ್ಡ ಹೋಟೆಲೊಂದರಲ್ಲಿ ಪಾತ್ರೆ ತೊಳೆಯಲು ಸೇರಿದ. ಅಲ್ಲಿ ದಿನಾ ಸಂಜೆ ಬ್ಯಾಂಡು. ಹೆಚ್ಚಿನವರು ಗೋವಾದವರು. ಅವರು ನುಡಿಸುತ್ತಿದ್ದುದು ಜಾಝ್. ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ ಅದು. ಒಂದು ಹಾಡನ್ನು ಎಲ್ಲರೂ ಕೂಡಿ ಶುರುಮಾಡಿ, ಆಮೇಲೆ ಒಬ್ಬೊಬ್ಬನೂ ಆ ಗಳಿಗೆಗೆ ತನಗೆ ತೋಚಿದ ಹಾಗೆ ಅದನ್ನು ಬೆಳೆಸುತ್ತ ಹೋಗುತ್ತಾನೆ. ಜಗದೇವನಿಗೆ ಬ್ಯಾಂಡು ನುಡಿಸುವ ಹಾಲ್‌ನೊಳಗೆ ಹೋಗಲು ಅಪ್ಪಣೆ ಇರಲಿಲ್ಲ. ಬೇರರ್‌ಗಳು ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಓಡಾಡುವಾಗ ಸಂಗೀತ ಒಳಗೆ ಬರುತ್ತಿತ್ತು, ಬಾಗಿಲು ಮುಚ್ಚಿದರೆ ನಿಲ್ಲುತ್ತಿತ್ತು. ಇಪ್ಪತ್ತಾರು ವರ್ಷ ಹಾಗೆ ತುಂಡು ತುಂಡಾಗಿ ಕೇಳಿದ. ಅವನು ಕಿವಿಗೊಟ್ಟು ಕೇಳುವುದನ್ನು ಗಮನಿಸಿದ ಮುದುಕ ಪಿಯಾನೊ ವಾದಕನೊಬ್ಬ ಕೆಲಸ ಬಿಟ್ಟು ಗೋವಾಕ್ಕೆ ಹೊರಟಾಗ ಇಪ್ಪತ್ಮೂರು ರೆಕಾರ್ಡುಗಳನ್ನೂ ಸೂಟ್‌ಕೇಸಿನಂಥ ಒಂದು ಪ್ಲೇಯರನ್ನೂ ಅವನ ಕೈಗಿಟ್ಟು ಹೋದ. ಆ ಪ್ಲೇಯರು ಸೆಲ್ ಹಾಕಿದರೂ ತಿರುಗುತ್ತಿತ್ತು.

ಜಗದೇವ ಊರಿಗೆ ಬಂದದ್ದು ಹೆಂಡತಿ ಮರೆಮ್ಮ ತೀರಿಕೊಂಡಾಗ. ಆಗ ಮಗಳಿಗೆ ಹನ್ನೆರಡು ವರ್ಷ. ಬೌದ್ಧ ದೀಕ್ಷೆ ಪಡೆದ ಮೇಲೆ ಹುಟ್ಟಿದ ಮಗುವೆಂದು ಅವಳಿಗೆ ಪಂಚಶೀಲಾ ಎಂದು ಹೆಸರಿಟ್ಟಿದ್ದ. ತಾಯಿಯಿಲ್ಲದ ಮಗಳ ಜೊತೆ ಏನು ಮಾತಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಪ್ಲೇಯರ್ ಬಿಚ್ಚಿ ಒಂದು ರೆಕಾರ್ಡು ಹಾಕಿ ಕೂತ.

‘ಕೇಳ್ ಬೇ, ಈಗ ಉಸುರ ತಗೋತಾನ ನೋಡು,’ ಎನ್ನುತ್ತಿದ್ದ. ‘ಹಾಂ. ತಗೊಂಡ.’

ಅವನ ಪಾಠವೆಲ್ಲ ಅಷ್ಟೇ. ಒಂದು ಸಲ ಮಾತ್ರ ಹೇಳಿದ್ದ: ‘ಇವ್ರೂ ನಮ್ಮಂಗ ಹಿಂದಿನ ಬಾಗಲಾಗಿಂದ ಒಳಗ ಹೋದ ಮಂದಿ ಬೇ. ಖರೆ, ಹೋಗಿ ಮುಂದಿನ ಹಾಲ್‌ನ್ಯಾಗ ನಿಂತು ನುಡಿಸ್ಯಾರ.’

ಪಂಚಶೀಲಾ ಬೆಳೆದಳು, ಓದಿದಳು, ಜೇವರ್ಗಿಯಲ್ಲಿ ಬಸ್ ಕಂಡಕ್ಟರ್ ಆದಳು. ಜೇವರ್ಗಿಯ ಒಬ್ಬ ಶಾಲಾ ಮಾಸ್ತರ ಅವಳನ್ನು ನೋಡಲು ಬಂದ. ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡುವವನು. ಚಹಾ ಆದ ಮೇಲೆ ಆಕೆ ತನಗೆ ಇಷ್ಟವಾದ ರೆಕಾರ್ಡೊಂದನ್ನು ಹಾಕಿದಳು. ಆತ ಎರಡು ನಿಮಿಷ ತಲೆ ತಗ್ಗಿಸಿ ಕೇಳಿ, ‘ಇದು ಕೆಟ್ಟದೇನ್ರಿ?’ ಎಂದ. ‘ಸೂಜಿ ಬದಲಿ ಮಾಡ್ಸಿದ್ರ ಸರಿ ಹೋಗ್ಬಹುದು ನೋಡ್ರಿ.’

ಮದುವೆ ಆಗಲಿಲ್ಲ. ಅದೇ ಕಾರಣವೆಂದು ಆಕೆ ಎಂದೂ ಹೇಳಲಿಲ್ಲ. ಆಮೇಲೆ ಬಂದವರ ಮುಂದೆ ಪ್ಲೇಯರ್ ತೆರೆಯಲೂ ಇಲ್ಲ. ತಂದೆ ತೀರಿಕೊಂಡ ಮೇಲೆ ಕಂಟ್ರೋಲರ್ ಆಗಿ ಅಫಜಲಪುರಕ್ಕೆ ವರ್ಗವಾಯಿತು. ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಡ್ಯೂಟಿ ಮುಗಿಸಿ ಬಂದು ಕಿಟಕಿ ಮುಚ್ಚಿ ಒಂದು ರೆಕಾರ್ಡು ಹಾಕುವಳು. ಮಗ್ಗಲು ಮನೆಯ ಹಣಮವ್ವ, ‘ಒಳಗ ಒಬ್ಬಾಕಿ ಅಳಾಕತ್ತಿರ್ತಾಳಲ್ಲ, ಯಾರ್ರಿ ಆಕಿ?’ ಎಂದು ಒಮ್ಮೆ ಕೇಳಿದ್ದಳು. ಅದು ರೆಕಾರ್ಡಿನಲ್ಲಿ ಹಾಡುತ್ತಿದ್ದ ಬಿಲ್ಲಿ ಹಾಲಿಡೇ ಎಂಬ ಗಾಯಕಿ. ‘ನಮ್ಮ ಸಂಬಂಧಿ,’ ಎಂದಳು ಪಂಚಶೀಲಾ. ಹಣಮವ್ವ ನಂಬಿದಳು.

ಜೊತೆಗೆ ಕೇಳುವವರಿಲ್ಲದ್ದರಿಂದ ಪಂಚಶೀಲಾ ತನಗನಿಸಿದ್ದನ್ನು ಬರೆದಿಡತೊಡಗಿದಳು. ಹಳೆಯ ಬಸ್ ವೇಳಾಪಟ್ಟಿಗಳ ಹಿಂಬದಿ ಖಾಲಿ ಇರುತ್ತಿತ್ತಲ್ಲ, ಅದರ ಮೇಲೆ. ಹಾಲಿಡೇ ಬಗ್ಗೆ ಹೀಗೆ ಬರೆದಿದ್ದಳು: ‘ಬಸ್ಸು ಬಿಟ್ಟ ಮೇಲೆ ನಿಧಾನ ನಡೆದು ಬರುವಾಕೆ. ಆದರೂ ಇವಳಿಗೆ ಬಸ್ಸು ತಪ್ಪುವುದಿಲ್ಲ.’ ಸ್ಯಾಕ್ಸೊಫೋನಿನ ಕೋಲ್ಮನ್ ಹಾಕಿನ್ಸ್ ಬಗ್ಗೆ: ‘ಮನೆಗೆ ಬಂದರೆ ಎಲ್ಲ ಕುರ್ಚಿಯ ಮೇಲೂ ಕೂತು ನೋಡುವ ಮನುಷ್ಯ. ನಮಗೆ ನಿಲ್ಲಲೂ ಜಾಗ ಬಿಡುವುದಿಲ್ಲ.’ ಅದೇ ವಾದ್ಯದ ಲೆಸ್ಟರ್ ಯಂಗ್ ಬಗ್ಗೆ ನಾಲ್ಕು ಹಾಳೆ ಬರೆದಿದ್ದಳು. ಸಾರಾಂಶ ಇಷ್ಟು: ಅವನು ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೋಗುತ್ತಾನೆ, ಅವನು ಹೋದ ಮೇಲೆ ಆಡದ ಮಾತೂ ಕೇಳಿಸುತ್ತದೆ. ಆಕೆ ಮೈಕಿನಲ್ಲಿ ಬಿಡುವು ಕೊಡುವುದನ್ನು ಕಲಿತದ್ದು ಇವನಿಂದ.

ಹೀಗೆ ಹದಿನಾಲ್ಕು ವರ್ಷ ಕಳೆಯಿತು. ಆ ಹಾಳೆಗಳನ್ನು ಯಾರೂ ಓದಲಿಲ್ಲ.

ಆರು ವರ್ಷದ ಹಿಂದೆ ವೈಶಾಖದ ಒಂದು ಮಧ್ಯಾಹ್ನ ಮದುವೆಯ ಮೆರವಣಿಗೆಯೊಂದು ನಿಲ್ದಾಣದ ಗೇಟಿನ ಮುಂದೆ ಸಿಕ್ಕಿಕೊಂಡಿತು. ಒಳಗೆ ಬರುವ ಬಸ್ಸು, ಹೊರಗೆ ಹೋಗುವ ಬಸ್ಸು, ನಡುವೆ ಕುದುರೆಯ ಮೇಲೆ ಬೆವರುತ್ತಿದ್ದ ಮದುಮಗ. ಬ್ಯಾಂಡಿನವರು ನಿಂತಲ್ಲೇ ನುಡಿಸಿ ಸುಸ್ತಾಗಿ ಒಬ್ಬೊಬ್ಬರೇ ವಾದ್ಯ ಇಳಿಸಿದರು. ಕ್ಲಾರಿನೆಟ್ಟಿನವನೊಬ್ಬ ಮಾತ್ರ ಬಿಡಲಿಲ್ಲ. ಯಾವುದೋ ಹಳೆಯ ಸಿನಿಮಾ ಹಾಡು. ಅದರ ಎತ್ತರದ ಸ್ವರಕ್ಕೆ ಬಂದಾಗ ಆತ ನೇರ ಅಲ್ಲಿಗೆ ಹೋಗಲಿಲ್ಲ. ಕೆಳಗಿನಿಂದ ಹೊರಟು, ಜಾರುತ್ತ, ತಡವಾಗಿ, ಇನ್ನೇನು ಮುಟ್ಟುವುದಿಲ್ಲ ಅನ್ನುವಾಗ ಮುಟ್ಟಿದ.

ಪಂಚಶೀಲಾ ಕುರ್ಚಿಯಿಂದ ಎದ್ದು ನಿಂತಳು. ಮೈಕಿನ ಗುಂಡಿ ಒತ್ತಿದ್ದು ಒತ್ತಿದಂತೆಯೇ ಇತ್ತು. ನಿಲ್ದಾಣದ ನಾಲ್ಕೂ ಸ್ಪೀಕರುಗಳಲ್ಲಿ ಕ್ಲಾರಿನೆಟ್ ಕೇಳಿಸಿತು. ಗೇಟಿನಲ್ಲಿ ದಾರಿ ಬಿಟ್ಟ ಕೂಡಲೇ ಗಾಣಗಾಪುರದ ಬಸ್ಸು ಯಾರಿಗೂ ತಿಳಿಯದೆ ಹೊರಟುಹೋಯಿತು. ಅದು ತಪ್ಪಿದ ಹನ್ನೊಂದು ಮಂದಿ ಭಕ್ತರು ದೂರು ಬರೆದುಕೊಟ್ಟರು. ಮೇಲಧಿಕಾರಿ ಲಿಖಿತ ಕಾರಣ ಕೇಳಿದಾಗ ಆಕೆ ಒಂದೇ ಸಾಲು ಬರೆದಳು: ‘ನನ್ನ ಗಮನ ಬೇರೆ ಕಡೆ ಇತ್ತು.’

ಬ್ಯಾಂಡು ಆಳಂದದ್ದೆಂದು ತಿಳಿಯಿತು. ಮುಂದಿನ ರಜೆಯ ದಿನ ಆಕೆ ಆಳಂದದ ಬಸ್ಸು ಹತ್ತಿದಳು. ವಿಚಾರಿಸುತ್ತ ಹೋದರೆ ಕ್ಲಾರಿನೆಟ್ಟಿನ ಜಹೀರುದ್ದೀನ ಸಿಕ್ಕಿದ್ದು ಪೇಟೆಯ ಸಂದಿಯಲ್ಲಿ, ಸ್ಟವ್ ಮತ್ತು ಕುಕ್ಕರ್ ರಿಪೇರಿ ಅಂಗಡಿಯಲ್ಲಿ. ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಕೈತುಂಬ ಮಸಿ.

‘ಲಗ್ನ ಯಾವ ತಾರೀಖಿಗೆ ಅದ್ರಿ?’ ಎಂದ ತಲೆ ಎತ್ತದೆ.

‘ಲಗ್ನ ಇಲ್ರಿ. ಅವತ್ತು ಅಫಜಲಪುರದಾಗ ನೀವು ಮ್ಯಾಲಿನ ಸ್ವರಕ್ಕ ಕೆಳಗಿಂದ ಜಾರಿಕೋತ ಹೋದ್ರಲ್ರಿ, ಅದನ್ನ ಕೇಳಾಕ ಬಂದೇನಿ. ಯಾಕ ಹಂಗ ಹೋದ್ರಿ?’

ಜಹೀರುದ್ದೀನ ಪಾನಾ ಕೆಳಗಿಟ್ಟ. ‘ಬೀಗರು ಏನರ ಶಿಕಾಯತ್ ಮಾಡ್ಯಾರೇನ್ರಿ?’

ಅಲ್ಲವೆಂದು ಆತನನ್ನು ನಂಬಿಸಲು ಅರ್ಧ ಗಂಟೆ ಬೇಕಾಯಿತು. ಮುಂದಿನ ತಿಂಗಳು ಆಕೆ ಪ್ಲೇಯರನ್ನೂ ಐದು ರೆಕಾರ್ಡುಗಳನ್ನೂ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮತ್ತೆ ಆಳಂದಕ್ಕೆ ಹೋದಳು. ಜಹೀರುದ್ದೀನನ ಹೆಂಡತಿ ಖುರ್ಷಿದಬೇಗಂ ಪಡಸಾಲೆಯಲ್ಲಿ ಚಾದರ ಹಾಸಿದಳು. ಮೊದಲು ಹಾಕಿನ್ಸ್, ಆಮೇಲೆ ಯಂಗ್. ಜಹೀರುದ್ದೀನ ಕಣ್ಣು ಮುಚ್ಚಿ ಕೇಳಿದ. ಪಂಚಶೀಲಾ ರೆಕಾರ್ಡು ಕೇಳಲಿಲ್ಲ, ಆತನ ಮುಖವನ್ನೇ ನೋಡುತ್ತಿದ್ದಳು.

‘ಮೊದಲಿನಾಂವ ಉಸ್ತಾದ ಇದ್ದಾನ,’ ಎಂದ ಆತ. ‘ಎರಡನೇದಾಂವ ಕೆಲಸ ತಪ್ಪಿಸ್ಕೊಳ್ಳಾಂವ.’

ಆಕೆಗೆ ಕೆನ್ನೆಗೆ ಹೊಡೆದಂತಾಯಿತು. ‘ಏನಂತೀರ್ರಿ? ಸರಿ ಕೇಳಿದ್ರೇನ್ರಿ ನೀವು?’

‘ಕೇಳೇನಿ ತಗೋರಿ. ಮೊದಲಿನಾಂವ ಎದಿಯಾಗಿನ ಗಾಳಿ ಪೂರಾ ಕೊಡ್ತಾನ. ಇಂವ ಅರ್ಧ ಕಿಸೆದಾಗ ಇಟ್ಕೊಂಡು ನುಡಸ್ತಾನ. ಮೂರು ತಾಸು ಬಿಸಲಾಗ ಮದುಮಗನ ಮುಂದ ನಡದ್ರ ಗೊತ್ತಾಗ್ತದ, ಪೂರಾ ಗಾಳಿ ಕೊಡೋದಂದ್ರ ಏನಂತ.’

‘ಕೊಡೋದಷ್ಟ ದೊಡ್ಡಸ್ತನ ಏನ್ರಿ? ಇಟ್ಕೊಳ್ಳೋದು ಕಷ್ಟ ಇಲ್ಲೇನು?’

ಮಾತು ಬೆಳೆಯಿತು. ಖುರ್ಷಿದಬೇಗಂ ಜಗಳವೆಂದು ಹೆದರಿ ಶರಬತ್ತು ತಂದಿಟ್ಟಳು. ಸಂಜೆಯ ಬಸ್ಸಿನಲ್ಲಿ ವಾಪಸಾಗುವಾಗಲೂ ಪಂಚಶೀಲಾಳ ವಾದ ಮುಗಿದಿರಲಿಲ್ಲ. ಮನಸ್ಸಿನಲ್ಲೇ ಉತ್ತರ ಕೊಡುತ್ತ ಬಂದಳು. ಹೊರಗೆ ಕಬ್ಬಿನ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ತನ್ನ ಮಾತು ತಪ್ಪೆಂದು ಹೇಳುವ ಒಬ್ಬ ಮನುಷ್ಯ ಸಿಕ್ಕಿದನಲ್ಲ ಎಂದು ಹೊಳೆದಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕಳು.

ಅಲ್ಲಿಂದ ತಿಂಗಳಿಗೊಂದು ಭಾನುವಾರ ಆಳಂದ. ಆಕೆ ‘ಜಹೀರಭಾಯ್’ ಎನ್ನತೊಡಗಿದಳು, ಆತ ‘ಪಂಚಶೀಲಾಬಾಯಿ’ ಎನ್ನತೊಡಗಿದ. ದೊಡ್ಡ ತಂಡದವರ ರೆಕಾರ್ಡುಗಳು ಆಕೆಗೆ ಹಿಡಿಸುತ್ತಿರಲಿಲ್ಲ. ಎಲ್ಲರೂ ಒಂದೇ ಯೂನಿಫಾರ್ಮ್ ಹಾಕಿಕೊಂಡ ಹಾಗಿದೆ ಅನ್ನುವಳು. ಆತ ಸಿಟ್ಟಾಗುತ್ತಿದ್ದ: ‘ಹದಿನೈದು ಮಂದಿ ಒಂದೇ ಉಸುರಿಗೆ ಗಪ್ ಅಂತ ನಿಲ್ತಾರಲ್ರಿ, ಅದಕ್ಕ ಏನಂತೀರಿ? ನಮ್ಮ ಬ್ಯಾಂಡಿನ್ಯಾಗ ಏಳು ಮಂದಿ ನಿಲ್ಲಂಗಿಲ್ಲ. ಢೋಲಿನಾಂವ ಮರುದಿನ ನಿಲ್ತಾನ.’ ಹಾಲಿಡೇ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಂದೇ ಮಾತು. ಆಕೆಯ ರೆಕಾರ್ಡು ಮುಗಿದ ಮೇಲೆ ಇಬ್ಬರೂ ಸುಮ್ಮನೆ ಕೂಡುತ್ತಿದ್ದರು. ಖುರ್ಷಿದಬೇಗಂಳೂ ಹಿಟ್ಟು ನಾದುವುದನ್ನು ನಿಲ್ಲಿಸುತ್ತಿದ್ದಳು.

ಮೂರನೆಯ ವರ್ಷ ಒಂದು ದಿನ ಆತ ತಾನಾಗಿಯೇ ಹೇಳಿದ.

‘ಪಂಚಶೀಲಾಬಾಯಿ, ನಿಮಗೊಂದು ಮಾತು ಮುಚ್ಚಿಟ್ಟೇನಿ. ಅವತ್ತು ನೀವು ಮೆಚ್ಚಿದ್ರಲ್ಲ, ಆ ಜಾರೋದು, ಅದೇನು ಕಲಾ ಅಲ್ರಿ. ನಂದೊಂದು ಮುಂದಿನ ಹಲ್ಲು ಅಳ್ಳಾಡ್ತಿತ್ತು. ಮ್ಯಾಲಿನ ಸ್ವರ ನೇರ ಹಿಡದ್ರ ನೋವು. ಅದಕ್ಕ ಕೆಳಗಿಂದ ಹೋಗ್ತಿದ್ದೆ.’

ಹದಿನಾಲ್ಕು ವರ್ಷದ ಮೇಲೆ ಆಕೆಯನ್ನು ಕುರ್ಚಿಯಿಂದ ಎಬ್ಬಿಸಿದ್ದು ಒಂದು ಹಲ್ಲುನೋವೇ? ಪಂಚಶೀಲಾ ರೆಕಾರ್ಡುಗಳನ್ನು ಕವರಿಗೆ ಹಾಕತೊಡಗಿದಳು.

‘ತಡೀರಿ,’ ಎಂದ ಜಹೀರುದ್ದೀನ. ‘ಕೀಳಿಸಿ ಬ್ಯಾರೆ ಕೂಡಿಸ್ಕೊ ಅಂತ ಡಾಕ್ಟರ್ ಹೇಳಿ ಐದು ವರ್ಷ ಆತು. ನಾ ಮಾಡಿಸ್ಲಿಲ್ಲ. ಹಂಗ ಹೋದ್ರ ಚಲೋ ಕೇಳಸ್ತದ ಅಂತ ನಂಗೂ ಗೊತ್ತಾಗಿತ್ತು. ಯಾರಿಗೂ ಹೇಳಿದ್ದಿಲ್ಲ. ಹೇಳಿದ್ರ ನಗ್ತಿದ್ರು.’

ಆಕೆ ಕೈಯಲ್ಲಿದ್ದ ರೆಕಾರ್ಡನ್ನು ಮತ್ತೆ ಹೊರತೆಗೆದು ಪ್ಲೇಯರಿನ ಮೇಲಿಟ್ಟಳು.

ಆದರೆ ಆ ಒಂದು ಹಲ್ಲಿಗೆ ವಿಷಯ ಮುಗಿಯಲಿಲ್ಲ. ವಸಡು ಕೆಟ್ಟು ಒಂದರ ಹಿಂದೊಂದು ಹಲ್ಲು ಸಡಿಲವಾದವು. ಕಲಬುರಗಿಯ ಡಾಕ್ಟರು ಮೇಲಿನ ಸಾಲು ಪೂರಾ ತೆಗೆಯಬೇಕೆಂದರು. ಅಷ್ಟರಲ್ಲಿ ಮದುವೆಗಳಿಗೆ ಡಿಜೆ ಬಂದು ಬ್ಯಾಂಡಿನವರು ಚದುರಿದ್ದರು. ಢೋಲಿನವನು ಆಟೋ ಓಡಿಸುತ್ತಿದ್ದ. ಆಪರೇಷನ್ನಿಗೆ ನಾಲ್ಕು ದಿನ ಇರುವಾಗ ಜಹೀರುದ್ದೀನ ಹೆಂಡತಿಯನ್ನು ಕರೆದುಕೊಂಡು ತಾನೇ ಅಫಜಲಪುರಕ್ಕೆ ಬಂದ. ಬಗಲಲ್ಲಿ ಟವೆಲ್ ಸುತ್ತಿದ ಕ್ಲಾರಿನೆಟ್.

‘ನಿಮ್ಮ ಆ ಕೆಲಸಗಳ್ಳಂದು ಒಂದು ಕ್ಲಾರಿನೆಟ್ ರೆಕಾರ್ಡ್ ಅದಲ್ರಿ, ಅದನ್ನ ಹಾಕ್ರಿ,’ ಎಂದ.

ಲೆಸ್ಟರ್ ಯಂಗ್ ಸ್ಯಾಕ್ಸೊಫೋನ್ ಬಿಟ್ಟು ಕ್ಲಾರಿನೆಟ್ ಹಿಡಿದ ರೆಕಾರ್ಡುಗಳು ಕಡಿಮೆ. ಅಂಥದೊಂದು ಆ ಇಪ್ಪತ್ಮೂರರಲ್ಲಿತ್ತು. ಪಂಚಶೀಲಾ ಅದನ್ನು ಹಾಕಿ, ಅವತ್ತು ಮೊದಲ ಬಾರಿಗೆ ಕಿಟಕಿ ತೆರೆದಳು. ಜಹೀರುದ್ದೀನ ಒಂದು ಸುತ್ತು ಸುಮ್ಮನೆ ಕೇಳಿದ. ಎರಡನೆಯ ಸಲ ಹಾಕಿದಾಗ ಯಂಗ್ ಬಿಡುವು ಕೊಟ್ಟ ಜಾಗದಲ್ಲಿ ಮೆಲ್ಲಗೆ ಒಂದು ಸ್ವರ ಇಟ್ಟ. ಮುಂದಿನ ಬಿಡುವಿನಲ್ಲಿ ಎರಡು. ಪೂರಾ ಗಾಳಿ ಕೊಡುವ ಆ ಮನುಷ್ಯ ಆ ಮಧ್ಯಾಹ್ನ ಅರ್ಧವನ್ನು ತನ್ನಲ್ಲೇ ಇಟ್ಟುಕೊಂಡು ನುಡಿಸಿದ. ನೋವಿಗೋ ಬೇಕೆಂದೇ ಮಾಡಿದ್ದೋ ಪಂಚಶೀಲಾ ಕೇಳಲಿಲ್ಲ. ಓಣಿಯಲ್ಲಿ ಹಣಮವ್ವ ಮತ್ತು ನಾಲ್ಕಾರು ಹೆಂಗಸರು ನಿಂತಿದ್ದರು. ರೆಕಾರ್ಡು ನಿಂತ ಮೇಲೂ ಆತ ಸ್ವಲ್ಪ ಹೊತ್ತು ಮುಂದುವರಿಸಿದ. ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡಾಗ ಅದರಲ್ಲಿ ರಕ್ತವಿತ್ತು. ಖುರ್ಷಿದಬೇಗಂ ಟವೆಲ್ಲನ್ನು ತಟ್ಟನೆ ಮಡಚಿಕೊಂಡಳು.

ಆಪರೇಷನ್ ಆಗಿ ಎರಡು ತಿಂಗಳ ಮೇಲೆ ಪಂಚಶೀಲಾ ಪ್ಲೇಯರ್ ಹೊತ್ತು ಆಳಂದಕ್ಕೆ ಹೋದಳು. ಜಹೀರುದ್ದೀನ ಹೊಸ ಹಲ್ಲು ಕಟ್ಟಿಸಿಕೊಂಡಿದ್ದ. ಮುಖ ಬೇರೆಯಾಗಿತ್ತು, ಮಾತೂ ಸ್ವಲ್ಪ ತೊದಲುತ್ತಿತ್ತು. ಕಟ್ಟಿದ ಹಲ್ಲಿನ ಮೇಲೆ ಕ್ಲಾರಿನೆಟ್ ನಿಲ್ಲುತ್ತಿರಲಿಲ್ಲ. ಆಕೆ ಪ್ಲೇಯರಿನ ಮುಚ್ಚಳ ತೆಗೆಯಲು ಹೋದಾಗ ಆತ ಅದರ ಮೇಲೆ ಕೈಯಿಟ್ಟ.

‘ಬ್ಯಾಡ್ರಿ.’

‘ಹಾಕಿನ್ಸ್ ತಂದೇನಿ, ಜಹೀರಭಾಯ್. ನಿಮ್ಮ ಉಸ್ತಾದನ್ನ.’

‘ಬ್ಯಾಡ್ರಿ ಬಾಯಿ. ಕೇಳಿದ್ರ ತುಟಿ ತಾನ ತಯಾರಾಗ್ತಾವ. ಬೆರಳು ತಯಾರಾಗ್ತಾವ. ಆಮ್ಯಾಲ ಏನ್ ಮಾಡ್ಲಿ?’

ಆಕೆ ಪ್ಲೇಯರನ್ನು ಪಕ್ಕಕ್ಕೆ ಸರಿಸಿದಳು. ಮೂವರೂ ಚಹಾ ಕುಡಿದರು. ಮಳೆ, ಬಸ್ಸು, ಕುಕ್ಕರಿನ ಗ್ಯಾಸ್ಕೆಟ್ಟು ಎಂದು ಏನೇನೋ ಮಾತಾಡಿದರು. ಮುಂದಿನ ತಿಂಗಳು ಆಕೆ ಪ್ಲೇಯರ್ ಬಿಟ್ಟು ಬರಿಗೈಯಲ್ಲಿ ಹೋದಳು. ಅವತ್ತು ಮಾತು ಇನ್ನೂ ಕಡಿಮೆ. ಇಬ್ಬರ ನಡುವೆ ಇದ್ದದ್ದೆಲ್ಲ ಆ ಪೆಟ್ಟಿಗೆಯಲ್ಲೇ ಇತ್ತೆಂದು ಆಕೆಗೆ ತಿಳಿಯಿತು. ಅದಾದ ಮೇಲೆ ಹೋಗಲಿಲ್ಲ.

ಆ ವರ್ಷ ಕಷ್ಟದ್ದು. ಹಿಂದೆ ಆಕೆ ಒಬ್ಬಳೇ ಇದ್ದಳು. ಒಬ್ಬಳೇ ಇದ್ದೇನೆಂಬುದು ಅಷ್ಟಾಗಿ ತಿಳಿದಿರಲಿಲ್ಲ. ಈಗ ಯಾವ ರೆಕಾರ್ಡು ಹಾಕಿದರೂ ‘ಹುಂ, ಅದಕ್ಕೇನಂತೀರಿ?’ ಎಂಬ ಮಾತಿಗೆ ಕಿವಿ ಕಾಯುತ್ತಿತ್ತು. ದೊಡ್ಡ ತಂಡದವರ ರೆಕಾರ್ಡಿನಲ್ಲಿ ಹದಿನೈದು ಮಂದಿ ಒಟ್ಟಿಗೆ ನಿಂತಾಗ ಆಕೆ ಪ್ಲೇಯರ್ ಆರಿಸಿಬಿಡುತ್ತಿದ್ದಳು. ವೇಳಾಪಟ್ಟಿಯ ಹಿಂದೆ ಬರೆಯುವುದೂ ನಿಂತಿತು. ಮೈಕಿನಲ್ಲಿ ಒಂದು ದಿನ ಜೇವರ್ಗಿ ಬಸ್ಸಿಗೆ ಆಳಂದ ಎಂದು ಕೂಗಿದಳು. ಕಲ್ಲಿನಾಥ ಕಿಟಕಿಯ ಹತ್ತಿರ ಬಂದು, ‘ಮೇಡಂ, ಆರಾಮ ಇದ್ದೀರಿಲ್ಲೋ?’ ಎಂದು ಕೇಳಿದ. ಆ ಸಲ ಅಣಕಿಸಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಖುರ್ಷಿದಬೇಗಂಳ ಫೋನು ಬಂತು.

‘ಬಾಯಿ, ಇವರು ಏನೋ ಕೇಳಬೇಕಂತಾರ. ತಾವ ಮಾತಾಡಾಕ ನಾಚ್ಕೋತಾರ.’

ಫೋನು ಕೈ ಬದಲಾಯಿಸಿತು.

‘ಪಂಚಶೀಲಾಬಾಯಿ, ರೆಕಾರ್ಡ್ ಹಚ್ಚಬ್ಯಾಡ್ರಿ ಮತ್ತ,’ ಎಂದ ಜಹೀರುದ್ದೀನ. ‘ಹಾಕಿನ್ಸಂದು ಆ ನಿಧಾನಂದು ಅದಲ್ರಿ, ಎರಡನೇ ಸುತ್ತಿನ್ಯಾಗ ಅಂವ ಮ್ಯಾಲ ಹೋಗಿ ಇಳೀತಾನೋ, ಇಳದು ಮ್ಯಾಲ ಹೋಗ್ತಾನೋ? ನಾಲ್ಕು ದಿನ ಆತು, ನೆನಪಾಗವಲ್ದು. ಬಾಯಿಲೆ ಹೇಳ್ರಿ.’

ಆಕೆಗೂ ಥಟ್ಟನೆ ನೆನಪಾಗಲಿಲ್ಲ. ಒಂದು ತಾಸು ಬಿಟ್ಟು ಮಾಡುತ್ತೇನೆಂದು ಹೇಳಿ ಫೋನಿಟ್ಟು ಆ ರೆಕಾರ್ಡು ಹಾಕಿದಳು. ಅಷ್ಟು ಗಮನ ಕೊಟ್ಟು ಹಾಕಿನ್ಸ್‌ನನ್ನು ಆಕೆ ಯಾವತ್ತೂ ಕೇಳಿರಲಿಲ್ಲ. ಮೂರು ಸಲ ಕೇಳಿ ಫೋನು ಮಾಡಿದಳು. ಎಲ್ಲಿ ಏರುತ್ತಾನೆ, ಎಲ್ಲಿ ಗಂಟಲು ಒರಟಾಗುತ್ತದೆ, ಎಲ್ಲಿ ಉಸಿರು ಎಳೆಯುತ್ತಾನೆ ಎಂದು ಒಂದೊಂದಾಗಿ ಹೇಳಿದಳು. ಆತ ನಡುನಡುವೆ ‘ಹೌದ್ರಿ, ಹೌದ್ರಿ’ ಎಂದ. ಮುಗಿದ ಮೇಲೆ, ‘ನೀವು ಉಸ್ತಾದನ್ನ ಜಾಸ್ತಿ ಹೊಗಳಾಕತ್ತೀರಲ್ರಿ ಇವತ್ತ?’ ಎಂದ.

‘ಇದ್ದದ್ದು ಹೇಳೇನಿ. ಖರೆ, ಕಡೀಕ ಅಂವ ಸುಮ್ನ ನಿಲ್ಲಬೇಕಿತ್ತು. ಇನ್ನಷ್ಟು ನುಡಿಸಿ ಕೆಡಿಸ್ಯಾನ.’

‘ಏನೂ ಕೆಡಿಸಿಲ್ಲ ಹೋಗ್ರಿ!’

ಈಗ ಭಾನುವಾರದ ಮಧ್ಯಾಹ್ನಗಳು ಹೀಗೆ ನಡೆಯುತ್ತವೆ. ಆಕೆ ಒಬ್ಬಳೇ ಕೂತು ಒಂದು ರೆಕಾರ್ಡನ್ನು ಎರಡು ಮೂರು ಸಲ ಕೇಳುತ್ತಾಳೆ, ಆಮೇಲೆ ಆಳಂದಕ್ಕೆ ಫೋನು ಮಾಡಿ ಕೇಳಿದ್ದನ್ನು ಹೇಳುತ್ತಾಳೆ. ರೆಕಾರ್ಡಿನ ಸದ್ದು ಫೋನಿನೊಳಗೆ ಹೋಗದಂತೆ ಮೊದಲೇ ಪ್ಲೇಯರ್ ಮುಚ್ಚಿರುತ್ತಾಳೆ. ಕೆಲವು ದಿನ ಜಹೀರುದ್ದೀನ ಅರ್ಧ ಗಂಟೆ ವಾದ ಮಾಡುತ್ತಾನೆ. ಕೆಲವು ದಿನ ಏನೂ ಅನ್ನುವುದಿಲ್ಲ. ಲೈನು ಇದೆಯೋ ಕಡಿಯಿತೋ ತಿಳಿಯದೆ ಆಕೆ ‘ಕೇಳಾಕತ್ತೀರೇನ್ರಿ?’ ಎಂದು ಕೇಳಬೇಕಾಗುತ್ತದೆ. ಇನ್ನು ಕೆಲವು ದಿನ ಆತ ಫೋನಿಗೇ ಬರುವುದಿಲ್ಲ. ‘ಇವತ್ತ ಬ್ಯಾಡ ಅಂತಾರ್ರಿ ಬಾಯಿ,’ ಎಂದು ಖುರ್ಷಿದಬೇಗಂ ಹೇಳುತ್ತಾಳೆ. ಆಮೇಲೆ ತಾನೇ, ‘ನಂಗರ ಹೇಳ್ರಿ, ಆ ಹಾಡೋ ಹೆಣ್ಮಗಳದ್ದು,’ ಎನ್ನುತ್ತಾಳೆ. ಆಗ ಪಂಚಶೀಲಾ ಕಿಟಕಿಯ ಪಕ್ಕದ ಕುರ್ಚಿಗೆ ಬಂದು ಕೂತು, ಒಂದು ಮಾತು ಹೇಳಿ, ಚೂರು ಬಿಟ್ಟು, ಇನ್ನೊಂದು ಮಾತು ಹೇಳುತ್ತ ಹೋಗುತ್ತಾಳೆ.